ಮಾತು ಕಲಿಸುವ ಟೀಚರ್, ಲೆಕ್ಕ ಕೇಳುವ ಸಾಹೇಬರು

ಬಾಗಿಲಲ್ಲಿ ನಿಂತವನು ಏನೂ ಮಾತಾಡಲಿಲ್ಲ. ಟೀಚರನ್ನೇ ನೋಡುತ್ತಿದ್ದ.

'ಪಾಪ, ಇಷ್ಟು ಚಿಕ್ಕ ವಯಸ್ಸಿಗೇ...' ಎಂದುಕೊಂಡ ಅವಳು ಅವನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಮುಖದೆದುರು ಕನ್ನಡಿ ಹಿಡಿದಳು.

"ಗಾಬರಿ ಬೇಡ. ನಿಧಾನಕ್ಕೆ... 'ಆ' ಅನ್ನಿ."

"ಆ."

"ಶಭಾಷ್. ಈಗ ನಿಮ್ಮ ಹೆಸರು ಹೇಳಿ ನೋಡೋಣ."

"ಮೇಡಂ, ನಾನು ಪೇಶಂಟ್ ಅಲ್ಲ. ಟ್ರಸ್ಟ್‌ನವರು ಕಳಿಸಿದ್ದಾರೆ. ನಿಮ್ಮ ಕೆಲಸದ ಫಲ ಅಳೆಯೋಕೆ."

ಇಡೀ ಕೋಣೆ ನಕ್ಕಿತು. ಮಾತು ಇನ್ನೂ ಮರಳದವರೂ ನಕ್ಕರು. ಅವಳು ಕೆಂಡ ಮುಟ್ಟಿದವಳಂತೆ ಅವನ ಕೈ ಬಿಟ್ಟಳು.

ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಆ ಕೇಂದ್ರದಲ್ಲಿ, ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಅವಳು ಮತ್ತೆ ಮಾತು ಕಲಿಸುತ್ತಿದ್ದಳು. ಕಚೇರಿಯ ಕೆಲಸವೆಲ್ಲ ಅತ್ತಿಗೆಯದು. ಫಲಿತಾಂಶ ತೋರಿಸದಿದ್ದರೆ ದೇಣಿಗೆ ನಿಲ್ಲುತ್ತದೆ ಎಂದು ಟ್ರಸ್ಟ್ ಹೇಳಿತ್ತು. ಅದನ್ನು ತೋರಿಸುವುದು ಹೇಗೆಂದು ಸಣ್ಣ ಸಂಸ್ಥೆಗಳಿಗೆ ಹೇಳಿಕೊಡುವುದೇ ಅವನ ವೃತ್ತಿ.

"ಮಾತನ್ನ ತಕ್ಕಡೀಲಿ ತೂಗ್ತೀರಾ?" ಎಂದು ಅವಳು ಸಿಡುಕಿದಳು.

"ತೂಗೋಕೆ ಬರಲ್ಲ. ಕೇಳೋಕೆ ಬರುತ್ತೆ," ಎಂದ ಅವನು.

ನಿಜಕ್ಕೂ ಕೇಳಿದ. ಅಲ್ಲಿ ಮಾತು ಕಲಿಯುತ್ತಿದ್ದ ದರ್ಜಿಯೊಬ್ಬನ ಹೆಂಡತಿಯ ಬಳಿ, "ನಿಮ್ಮ ಯಜಮಾನ್ರು ಈಗ ಎಷ್ಟು ಪದ ಆಡ್ತಾರಮ್ಮ?" ಎಂದ.

"ಪದ ಯಾರಿಗೆ ಬೇಕು ಸ್ವಾಮಿ? ಈಗ ನನ್ನ ಜೊತೆ ಜಗಳ ಆಡ್ತಾರೆ. ನಂಗಷ್ಟೇ ಸಾಕು."

ಅವನು ಮನಸಾರೆ ನಕ್ಕ. ಅಂದಿನಿಂದ ಪದ ಎಣಿಸುವುದನ್ನು ಬಿಟ್ಟ. ಮನೆಯಲ್ಲಿ ಯಾರ ಜೊತೆ ಮಾತಾಡಿದಿರಿ, ಅಂಗಡಿಗೆ ಒಬ್ಬರೇ ಹೋದಿರಾ ಎಂದು ಕೇಳತೊಡಗಿದ. ಮಹಡಿ ಹತ್ತಲಾಗದವರ ಮನೆಗೆ ಅವಳು ಭಾನುವಾರ ಹೊರಟರೆ, ಅವನೂ ಚೀಲ ಹಿಡಿದು ಜೊತೆಯಾದ.

'ಇವನಿಲ್ಲದ ದಾರಿ ಯಾಕೆ ಇಷ್ಟು ಉದ್ದ ಅನಿಸುತ್ತೆ...?' ಅವಳಿಗೆ ತನ್ನ ಮೇಲೇ ಅನುಮಾನ ಬಂತು.

ಟ್ರಸ್ಟ್‌ನ ಸಭೆಯ ಹಿಂದಿನ ದಿನ ಅವನು ವರದಿ ತಂದ. "ಒಮ್ಮೆ ನೋಡಿ."

"ಬೇಡ ಬಿಡಿ. ನಿಮ್ಮನ್ನ ನಂಬಿದ್ದೀನಿ."

ಸಭೆಯಲ್ಲಿ ಅವನು ಎದ್ದು ನಿಂತು ಮೊದಲಿಗೇ ಹೇಳಿದ: "ಇಲ್ಲಿ ಕಲಿಯೋರಲ್ಲಿ ಅರ್ಧ ಜನ ಹೆಚ್ಚೇನೂ ಸುಧಾರಿಸಿಲ್ಲ."

ಅವಳು ತಟ್ಟನೆ ಎದ್ದಳು. ನಂಬಿಸಿ ಕತ್ತು ಕೊಯ್ದುಬಿಟ್ಟನಲ್ಲ... ಉಳಿದ ಮಾತು ಕೇಳಲು ಅವಳು ಅಲ್ಲಿರಲಿಲ್ಲ. ಅವನ ಕರೆಗಳನ್ನೂ ಎತ್ತಲಿಲ್ಲ.

ಮರುದಿನ ಮಧ್ಯಾಹ್ನ ಅತ್ತಿಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

"ಟ್ರಸ್ಟ್‌ನವರು ಒಪ್ಪಿದ್ರು ಕಣೇ. ಮನೆ ಮನೆಗೆ ಹೋಗಿ ಕಲಿಸೋಕೆ ಗಾಡೀನೂ ಕೊಡ್ತಾರಂತೆ."

"ಅರ್ಧ ಜನಕ್ಕೆ ಉಪಯೋಗ ಆಗಿಲ್ಲ ಅಂದ್ನಲ್ಲ..."

"ನೀನು ಎದ್ದು ಹೋದ್ಮೇಲೆ ಯಾಕೆ ಅಂತಾನೂ ಹೇಳಿದ. ಆ ಅರ್ಧ ಜನ ಇಲ್ಲಿಗೆ ಸರಿಯಾಗಿ ಬರೋಕೇ ಆಗ್ದವರು. ಅಂಥವರಲ್ಲೂ ನೀನು ಕಾಲಿಟ್ಟ ಮನೇಲೆಲ್ಲ ಮಾತು ಮರಳಿದೆಯಂತೆ. ಸುಳ್ಳು ಹೊಗಳಿದ್ರೆ ನಾವು ನಂಬ್ತಿರ್ಲಿಲ್ಲ ಅಂದ್ರು ಅಧ್ಯಕ್ಷರು. ದುಡುಕಿದೆ ನೀನು."

ಅವಳು ಚಪ್ಪಲಿ ಮೆಟ್ಟಿ ನೇರ ಅವನ ಕಚೇರಿಗೆ ನಡೆದಳು. ಬಾಗಿಲಲ್ಲಿ ಅವಳನ್ನು ಕಂಡು ಅವನು ಎದ್ದು ನಿಂತ.

"ನೀವು ಹೇಳಿದ್ದು ಪೂರ್ತಿ ಕೇಳದೇ ಹೋಗ್ಬಿಟ್ಟೆ. ತಪ್ಪಾಯ್ತು."

"ನಂದೂ ತಪ್ಪಿದೆ. ನೀವು ಬೇಡ ಅಂದ್ರೂ ಮೊದಲೇ ಹೇಳ್ಬೇಕಿತ್ತು. ಇನ್ನೊಂದು ವಿಷಯ... ಅದರ ಬಗ್ಗೆಯಂತೂ ಬಾಯೇ ಬಿಟ್ಟಿಲ್ಲ."

"ಏನದು?"

"ಭಾನುವಾರ ನಂಗೆ ರಜೆ. ನಿಮ್ಮ ಜೊತೆ ಬರ್ತಿದ್ದದ್ದು ಕೆಲಸಕ್ಕಲ್ಲ."

ಅವಳ ಕಣ್ಣು ತುಂಬಿ ಬಂತು, ತುಟಿಯಲ್ಲಿ ನಗು. "ಮತ್ತೆ ಯಾತಕ್ಕೆ?"

"ನಿಮ್ಮನ್ನ ಬಿಟ್ಟಿರೋಕೆ ಆಗದೆ."

ಅವಳು ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

"ಈ ಭಾನುವಾರ ಮನೆಗೆ ಊಟಕ್ಕೆ ಬನ್ನಿ. ಅಣ್ಣನೂ ಇರ್ತಾನೆ."

"ಅಣ್ಣ ಏನಾದ್ರೂ ಕೇಳಿದ್ರೆ?"

"ಕೇಳ್ಲಿ ಅಂತಾನೇ ಕರೀತಿರೋದು."