ಮೂರು ಸಲ ಬಿದ್ದ ಪಿಸ್ತೂಲು

ವೆಂಡೆಲ್ ಸ್ಟ್ರೌಡ್ ತನ್ನ ಕಾರ್ಯಾಗಾರದ ನೆಲದ ಮೇಲೆ ಅಂಗಾತ ಬಿದ್ದಿದ್ದ. ಎದೆಯಲ್ಲಿ ಒಂದೇ ಒಂದು ಗುಂಡು. ಎಡಗಾಲಿನಿಂದ ಒಂದು ಮೊಳ ದೂರದಲ್ಲಿ ಪುಟ್ಟ ಕಪ್ಪು ಪಿಸ್ತೂಲು.

ಮೊದಲು ನೋಡಿದವಳು ಓಪಲ್. ಅರವತ್ತೆಂಟರ ಹೆಂಗಸು. ವೆಂಡೆಲ್‌ನ ಬಂದೂಕಿನ ಗುರಿ ಅಭ್ಯಾಸದ ಜಾಗವಾದ ಶೂಟಿಂಗ್ ರೇಂಜಿನ ಕೌಂಟರಿನಲ್ಲಿ ಹನ್ನೆರಡು ವರ್ಷದಿಂದ ಕೂರುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಬಂದು, ಹಿಂದಿನ ಕೋಣೆಯ ದೀಪ ಉರಿಯುತ್ತಿರುವುದನ್ನು ಕಂಡು ಇಣುಕಿದಳು. ಕಿರುಚಲಿಲ್ಲ. ಫೋನ್ ಮಾಡಿದಳು. ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲ ಮೇಲೆ ಕೂತಳು.

ತನಿಖಾಧಿಕಾರಿ ನಡೀನ್ ಪರ್ಸೆಲ್ ಬಂದಾಗ ಅವಳ ಮೇಲಧಿಕಾರಿ ಷೆರಿಫ್ ಹಾಯ್ಟ್ ಆಗಲೇ ಒಳಗಿದ್ದ.

"ಫಿಂಚ್," ಅಂದ ಹಾಯ್ಟ್. "ಮತ್ತೆ ಅದೇ ಹಾಳು ಪಿಸ್ತೂಲು."

ನಡೀನ್‌ಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲೂ ಒಂದು ಫಿಂಚ್ ಇತ್ತು.

ಮೂರು ವರ್ಷದ ಹಿಂದೆ ಫಿಂಚ್ ಮಾರುಕಟ್ಟೆಗೆ ಬಂದಾಗ ಮಿಸ್ಸೌರಿಯ ಈ ಗುಡ್ಡಗಾಡಿನಲ್ಲಿ ಅದನ್ನು ಕೊಳ್ಳದವರೇ ಇರಲಿಲ್ಲ. ಹಗುರ. ಚಿಕ್ಕದು. ಅಂಗಿಯ ಕೆಳಗೆ ಕಾಣುತ್ತಿರಲಿಲ್ಲ. ಆರು ತಿಂಗಳಾಗುವಷ್ಟರಲ್ಲಿ, ಕೈಜಾರಿ ಬಿದ್ದರೆ ಅದು ತಾನಾಗಿ ಸಿಡಿಯುತ್ತದೆ ಎಂಬ ಸುದ್ದಿ ಹಬ್ಬಿತು. ನಿಮ್ಮ ಬೆರಳು ಟ್ರಿಗರಿಗೆ ತಾಗಿರಬೇಕು ಎಂದಿತು ಕಂಪನಿ. ಆಮೇಲೆ ಸದ್ದಿಲ್ಲದೆ ಮಾರಾಟ ನಿಲ್ಲಿಸಿತು. ಹೋದ ವಸಂತದಲ್ಲಿ ಹೊಸ ಫಿಂಚ್ ಬಂತು. ಹೆಸರು ಅದೇ, ಹೊರಗಿನ ಆಕಾರ ಅದೇ, ಒಳಗಿನದೆಲ್ಲ ಬೇರೆ. ಇಲಾಖೆಗೆ ಇದನ್ನೇ ಕೊಳ್ಳಬಹುದೇ, ನಂಬಬಹುದೇ ಎಂದು ಪರೀಕ್ಷಿಸಿ ಹೇಳಲು ಹಾಯ್ಟ್ ಒಪ್ಪಿಸಿದ್ದು ಇದೇ ವೆಂಡೆಲ್‌ಗೆ. ಪ್ರಾಯೋಗಿಕವಾಗಿ ನಾಲ್ವರು ಅಧಿಕಾರಿಗಳು ಅದನ್ನು ಧರಿಸುತ್ತಿದ್ದರು. ನಡೀನ್ ಅವರಲ್ಲಿ ಒಬ್ಬಳು.

ಅವಳು ಕೈಗವಸು ಹಾಕಿ ಪಿಸ್ತೂಲಿನ ಮೇಲ್ಗಡೆ ಜಾರುವ ಭಾಗವಾದ ಸ್ಲೈಡನ್ನು ತುಸು ಹಿಂದಕ್ಕೆಳೆದಳು. ಸಿಡಿದ ತೋಟಾದ ಖಾಲಿ ಹಿತ್ತಾಳೆ ಕೋಶ ನಳಿಗೆಯೊಳಗೇ ಉಳಿದಿತ್ತು.

"ನೋಡಿದೆಯಾ?" ಅಂದ ಹಾಯ್ಟ್. "ಕೈಯಲ್ಲಿ ಬಿಗಿಯಾಗಿ ಹಿಡಿದು ಹೊಡೆದಿದ್ರೆ ಅದು ಹೊರಗೆ ಹಾರ್ತಿತ್ತು. ಯಾರೂ ಹಿಡಿದಿರಲಿಲ್ಲ. ಬಿತ್ತು, ಸಿಡೀತು. ಗುಂಡೂ ಕೆಳಗಿನಿಂದ ಮೇಲಕ್ಕೆ ಹೋಗಿದೆ ಅಂತಾರೆ ಡಾಕ್ಟ್ರು. ನಾಲ್ಕು ಜನಾನೂ ಸಂಜೆಯೊಳಗೆ ಫಿಂಚ್ ವಾಪಸ್ ಕೊಡಿ."

ನಡೀನ್ ಮೊಣಕಾಲೂರಿ ನೆಲ ನೋಡುತ್ತಿದ್ದಳು. ಬೂದು ಬಣ್ಣ ಬಳಿದ ಕಾಂಕ್ರೀಟು. ಮೇಜಿನ ಪಕ್ಕ, ಒಂದು ತಗ್ಗು ಸ್ಟೂಲಿನ ಮುಂದೆ, ಅಂಗೈಯಗಲದ ಜಾಗದಲ್ಲಿ, ಬಣ್ಣ ಚಕ್ಕೆ ಎದ್ದ ಮೂರು ಹೊಸ ಗುರುತು. ಪಿಸ್ತೂಲಿನ ಹಿಂತುದಿಯಲ್ಲೂ ಬೂದು ಬಣ್ಣ ಮೆತ್ತಿದ ಮೂರು ಗೀರು.

"ಮೂರು ಸಲ ಬಿದ್ದಿದೆ," ಅಂದಳು.

"ಪರೀಕ್ಷೆ ಮಾಡ್ತಿದ್ದ. ಮೂರನೇ ಸಲಕ್ಕೆ ಸಿಡೀತು."

"ಇರಬಹುದು. ಸಂಜೆವರೆಗೆ ನನ್ನದು ನನ್ನ ಹತ್ರಾನೇ ಇರಲಿ, ಸರ್."

* * *

ಮೆಟ್ಟಿಲ ಮೇಲೆ ಓಪಲ್ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು.

"ಮಿಸ್ ಓಪಲ್, ಬೀಳಿಸೋ ಪರೀಕ್ಷೆ ವೆಂಡೆಲ್ ಎಲ್ಲಿ ಮಾಡ್ತಿದ್ರು?"

"ಹಿತ್ತಲಲ್ಲಿ, ಮರಳ ಗುಂಡಿ ಹತ್ರ. ಅದೂ ಸೀಸದ ಗುಂಡಿಲ್ಲದ ತೋಟಾ ಹಾಕಿ. ಸಿಡಿದ್ರೆ ಬರೀ ಚಟ್ ಅನ್ನೋದು, ಅಷ್ಟೆ. ಒಳಗೆ, ನಿಜವಾದ ತೋಟಾ ತುಂಬಿ? ಅವನಿಗೇನು ತಲೆ ಕೆಟ್ಟಿತ್ತಾ?"

"ಯಾರಿಗಾದ್ರೂ ತೋರಿಸೋಕೆ?"

ಓಪಲ್ ಕಾರ್ಯಾಗಾರದ ಬಾಗಿಲ ಕಡೆ ನೋಡಿದಳು. "ಜಂಬದ ಮನುಷ್ಯ ಕಣಮ್ಮ. ಯಾರಾದ್ರೂ ಕೆಣಕಿದ್ರೆ ಮಾಡಿಯಾನು."

"ನಿನ್ನೆ ಯಾರಾದ್ರೂ ಬರೋರಿದ್ರಾ?"

"ನಾನು ಹೊರಟಿದ್ದು ಐದಕ್ಕೆ. ಹೊರಗೆ ಇನ್ನೂ ಇಬ್ಬರು ಮೂವರು ಗುರಿ ಹೊಡೀತಿದ್ರು. ಆ ಸದ್ದಲ್ಲಿ ಒಳಗೊಂದು ಗುಂಡು ಹಾರಿದ್ರೆ ಯಾರಿಗೆ ಗೊತ್ತಾಗತ್ತೆ?"

ಇಬ್ಬರೂ ಒಳಗೆ ಹೋದರು. ಕಪಾಟಿನಲ್ಲಿ ವೆಂಡೆಲ್‌ನ ನೀಲಿ ನೋಟುಪುಸ್ತಕಗಳು ಸಾಲಾಗಿದ್ದವು, ವರ್ಷಕ್ಕೊಂದರಂತೆ. ಈ ವರ್ಷದ್ದನ್ನು ನಡೀನ್ ತೆರೆದಳು. ಹೊಸ ಫಿಂಚ್, ಎರಡು ಸಾವಿರ ಗುಂಡು, ಒಂದೂ ಸಿಕ್ಕಿಕೊಳ್ಳಲಿಲ್ಲ. ಅರವತ್ತು ಸಲ ಬೀಳಿಸಿದ್ದು, ಒಮ್ಮೆಯೂ ಸಿಡಿಯಲಿಲ್ಲ. ಕಡೆಯ ಸಾಲು: 'ನನ್ನ ಮಗಳಿಗೂ ಕೊಡುತ್ತೇನೆ.'

"ಮಿಸ್ ಓಪಲ್, ಹಳೇ ಫಿಂಚ್ ಕಾಲದ್ದು, ಎರಡು ವರ್ಷದ ಹಿಂದಿನದು ಎಲ್ಲಿ?"

ಓಪಲ್ ಬೆರಳಿಟ್ಟು ಎಣಿಸಿದಳು. ಆ ವರ್ಷದ ಪುಸ್ತಕ ಇರಲಿಲ್ಲ.

* * *

ಕಂಪನಿಯ ಪ್ರತಿನಿಧಿ ಗ್ರೇಡಿ ಕೋಲ್ಸನ್ ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ನಾಲ್ಕು ದಿನದಿಂದ ಇಳಿದಿದ್ದ. ವೆಂಡೆಲ್‌ನ ವರದಿಗಾಗಿ ಕಾಯುತ್ತಿದ್ದ. ಹಿಂದಿನ ದಿನ ಮಧ್ಯಾಹ್ನ ಇಬ್ಬರೂ ಜಗಳವಾಡಿದ್ದನ್ನು ಓಪಲ್ ಕೇಳಿದ್ದಳು.

"ಜಗಳ ಯಾತಕ್ಕೆ?" ನಡೀನ್ ಕೇಳಿದಳು.

"ವರದಿ ತಡ ಮಾಡ್ತಿದ್ದ. ಈಗ ನೋಡಿ ಮೇಡಮ್, ಬೆಳಿಗ್ಗೆಯಿಂದ ಹನ್ನೊಂದು ಫೋನು. ಮೂರು ಕೌಂಟಿಯ ಪೊಲೀಸ್ನೋರು ಖರೀದಿ ನಿಲ್ಲಿಸಿದ್ರು."

"ಎರಡು ವರ್ಷದ ಹಿಂದಿನ ನೋಟುಪುಸ್ತಕ ನಿಮ್ಮ ಹತ್ರ ಇದೆಯಾ?"

"ಯಾವ ನೋಟುಪುಸ್ತಕ?"

ಕೋಣೆ, ಕಾರು ಎರಡನ್ನೂ ಹುಡುಕಿಸಿದಳು. ಸಿಗಲಿಲ್ಲ. ಹಳೆಯ ಫಿಂಚ್‌ನ ದೋಷ ಅದರಲ್ಲಿ ಬರೆದಿದ್ದರೆ ಪುಸ್ತಕ ಬಚ್ಚಿಡಲು ಈತನಿಗೆ ಕಾರಣವಿತ್ತು, ನಿಜ. ಆದರೆ ಸಾವನ್ನು ತನ್ನದೇ ಪಿಸ್ತೂಲಿನ ತಲೆಗೆ ಕಟ್ಟುವಷ್ಟು ದಡ್ಡನಾಗಿ ಕಾಣಲಿಲ್ಲ. ಬೇರೆ ಯಾವ ರೀತಿ ಸತ್ತಿದ್ದರೂ ಈತನಿಗೆ ನಷ್ಟವಿರಲಿಲ್ಲ.

ಕಾರಿಗೆ ಬಂದು ಫಿಂಚನ್ನು ಸೊಂಟದಿಂದ ತೆಗೆದು ಮುಂದಿನ ಖಾನೆಯಲ್ಲಿಟ್ಟಳು. ಎರಡು ಮೈಲಿ ಹೋದಮೇಲೆ ಗಾಡಿ ನಿಲ್ಲಿಸಿ ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಸೀಟಿನಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಅದರ ಬಾಯಿ ತನ್ನ ತೊಡೆಯ ಕಡೆಗೇ ಇತ್ತು.

* * *

ಮಧ್ಯಾಹ್ನ ಅವಳೂ ಓಪಲ್‌ಳೂ ಮರಳ ಗುಂಡಿಯ ಬಳಿ ನಿಂತರು. ಗುಂಡಿಲ್ಲದ ತೋಟಾ ತುಂಬಿ, ನಡೀನ್ ತನ್ನ ಫಿಂಚನ್ನೇ ಕಾಂಕ್ರೀಟ್ ಚಪ್ಪಡಿಯ ಮೇಲೆ ಬೀಳಿಸಿದಳು. ಹಿಂತುದಿ ಕೆಳಗಾಗಿ, ಪಕ್ಕಕ್ಕೆ, ತಲೆಕೆಳಗಾಗಿ. ಪ್ರತಿ ಸಲವೂ ಅವಳ ಭುಜ ಬಿಗಿಯುತ್ತಿತ್ತು. ನಲವತ್ತು ಸಲ. ಒಮ್ಮೆಯೂ ಚಟ್ ಅನ್ನಲಿಲ್ಲ.

"ನಿಂದು ಒಳ್ಳೇದಿರಬಹುದು," ಅಂದಳು ಓಪಲ್. "ಅವಂದು ಕೆಟ್ಟದ್ದಿರಬಹುದು."

ಅದೂ ನಿಜವೇ. ನಡೀನ್ ಒಳಗೆ ಹೋಗಿ, ನಳಿಗೆಯಲ್ಲಿ ಸಿಕ್ಕಿದ್ದ ಖಾಲಿ ಕೋಶವನ್ನು ಭೂತಗನ್ನಡಿಯಡಿ ಹಿಡಿದಳು. ಅದರ ಬಾಯಂಚು ಒಂದು ಕಡೆ ನೆಗ್ಗಿತ್ತು.

"ಮಿಸ್ ಓಪಲ್, ನಳಿಗೆಯೊಳಗೇ ಇದ್ದ ಕೋಶದ ಬಾಯಿ ನೆಗ್ಗತ್ತಾ?"

"ಹೆಂಗೆ ನೆಗ್ಗತ್ತೆ? ಸುತ್ತ ಉಕ್ಕು ಅಲ್ವಾ. ಹಾರಿ ಹೋಗಿ ಎಲ್ಲಿಗಾದ್ರೂ ಬಡಿದ್ರೆ ನೆಗ್ಗತ್ತೆ."

ಮೇಜಿನ ಬಲಗಡೆ ಕಬ್ಬಿಣದ ಬೀರು ಇತ್ತು. ಎದೆಮಟ್ಟದಲ್ಲಿ ಹಿತ್ತಾಳೆ ಬಣ್ಣದ ಹೊಸ ಗೀರು.

ಕೋಶ ಹೊರಗೆ ಹಾರಿತ್ತು. ಅಂದರೆ ಯಾರದೋ ಬಿಗಿ ಮುಷ್ಟಿಯಲ್ಲಿ ಪಿಸ್ತೂಲು ಇತ್ತು. ಆಮೇಲೆ ಆ ಮನುಷ್ಯ ಕೋಶವನ್ನು ಹುಡುಕಿ ತಂದು ಮತ್ತೆ ನಳಿಗೆಗೆ ತುರುಕಿದ್ದ.

ಅಷ್ಟು ಮಾಡಬೇಕಾದರೆ, ತಾನಾಗಿ ಬಿದ್ದು ಸಿಡಿದ ಪಿಸ್ತೂಲು ಹೇಗಿರುತ್ತದೆ ಎಂದು ಅವನಿಗೆ ಗೊತ್ತಿರಬೇಕಿತ್ತು.

* * *

ಈ ಊರಿನಲ್ಲಿ ಹಳೆಯ ಫಿಂಚ್‌ನಿಂದ ಗಾಯಗೊಂಡವಳು ಒಬ್ಬಳೇ. ಟೆಸ್ಸಾ ಮ್ಯಾಬ್ರಿ. ಎರಡು ವರ್ಷದ ಹಿಂದೆ, ಹತ್ತೊಂಬತ್ತರ ವಯಸ್ಸಿನಲ್ಲಿ, ಟ್ರಕ್ಕಿನಿಂದ ಇಳಿಯುವಾಗ ಫಿಂಚ್ ಇಟ್ಟಿದ್ದ ಅವಳ ಕೈಚೀಲ ಜಾರಿ ಬಿದ್ದಿತ್ತು. ಗುಂಡು ಮೊಣಕಾಲಿನ ಚಿಪ್ಪನ್ನು ಒಡೆದಿತ್ತು. ಅವಳಪ್ಪ ಲೆಲಂಡ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿದ. ಕಂಪನಿಯ ಪರವಾಗಿ ಪರಿಣತನೆಂದು ಸಾಕ್ಷಿ ಹೇಳಿದವನು ವೆಂಡೆಲ್. 'ಪಿಸ್ತೂಲಿನಲ್ಲಿ ದೋಷವಿಲ್ಲ. ಬೆರಳು ತಾಗದೆ ಅದು ಸಿಡಿಯದು.' ಮೊಕದ್ದಮೆ ಬಿದ್ದುಹೋಯಿತು. ಕಂಪನಿಯ ಕೋರಿಕೆಯಂತೆ ಕಡತಕ್ಕೆ ಮೊಹರು ಬಿತ್ತು. ಊರಿನವರ ಬಾಯಲ್ಲಿ ಟೆಸ್ಸಾ ಎಚ್ಚರಗೇಡಿ ಹುಡುಗಿಯಾಗಿ ಉಳಿದಳು.

ನ್ಯಾಯಾಧೀಶರ ಅನುಮತಿ ಸಿಕ್ಕಲು ಮೂರು ದಿನ ಹಿಡಿಯಿತು. ಅಲ್ಲಿಯವರೆಗೆ ಅವಳು ಫಿಂಚ್ ಇಟ್ಟುಕೊಳ್ಳಲು ಹಾಯ್ಟ್ ಒಪ್ಪಿದ್ದ. ನಡೀನ್ ಮೊಹರು ಒಡೆಸಿ ಓದಿದಳು. ಏಳನೆಯ ಪುಟದಲ್ಲಿ ಫೋಟೊ: ಹಳೆಯ ಫಿಂಚ್, ಸ್ಲೈಡ್ ತೆರೆದಿದೆ, ಖಾಲಿ ಕೋಶ ನಳಿಗೆಯೊಳಗೇ ಉಳಿದಿದೆ.

ಇದನ್ನು ನೋಡಿದ್ದವರು ಕೆಲವೇ ಮಂದಿ. ನ್ಯಾಯಾಧೀಶರು, ವಕೀಲರು, ಕಂಪನಿಯವರು, ವೆಂಡೆಲ್. ಮತ್ತು ಮ್ಯಾಬ್ರಿ ಮನೆಯವರು.

ವೆಂಡೆಲ್ ಸತ್ತ ಸಂಜೆ ಟೆಸ್ಸಾ ಪಶುವೈದ್ಯರ ಆಸ್ಪತ್ರೆಯಲ್ಲಿ ಏಳರವರೆಗೂ ಕೆಲಸದಲ್ಲಿದ್ದಳು. ಅಲ್ಲಿ ನಾಲ್ವರು ಅವಳನ್ನು ನೋಡಿದ್ದರು.

* * *

ಲೆಲಂಡ್ ಮ್ಯಾಬ್ರಿ ಶಾಲೆಯ ಬಸ್ಸು ಓಡಿಸುತ್ತಿದ್ದ. ಐವತ್ತಾರರ ನಿಧಾನದ ಮನುಷ್ಯ. ಬೆಳಗಿನ ಸರದಿ ಮುಗಿಸಿ ಡಿಪೊದಲ್ಲಿ ಬಸ್ಸು ತೊಳೆಯುತ್ತಿದ್ದ.

ನಡೀನ್ ಕಾರಿನಲ್ಲೇ ಫಿಂಚ್‌ನ ತೋಟಾ ತುಂಬಿದ ಮ್ಯಾಗಜೀನ್ ತೆಗೆದು, ನಳಿಗೆ ಖಾಲಿ ಮಾಡಿ, ಎರಡು ಸಲ ನೋಡಿಕೊಂಡು ಇಳಿದಳು.

"ಆ ದರಿದ್ರದ್ದನ್ನ ಇನ್ನೂ ವಾಪಸ್ ಕೊಟ್ಟಿಲ್ವಾ?" ಲೆಲಂಡ್ ಅವಳ ಸೊಂಟ ನೋಡಿ ಕೇಳಿದ.

"ಯೋಚನೆ ಮಾಡ್ತಿದೀನಿ."

"ಯೋಚನೆ ಏನು ಬಂತು? ಕೊಟ್ಬಿಡು. ಅದನ್ನ ಹೊಗಳಿದ ವೆಂಡೆಲ್‌ನನ್ನೇ ತಿಂತು."

ನಡೀನ್ ಪಿಸ್ತೂಲನ್ನು ಹೊರತೆಗೆದಳು. ಎದೆಮಟ್ಟಕ್ಕೆ ಎತ್ತಿದಳು. ಕೈಬಿಟ್ಟಳು.

ಅದು ಕಾಂಕ್ರೀಟಿಗೆ ಬಡಿದು ಲೆಲಂಡ್‌ನ ಬೂಟಿನವರೆಗೆ ಜಾರಿತು. ಆಚೆ ಬಸ್ಸಿನ ಚಕ್ರ ಬಿಚ್ಚುತ್ತಿದ್ದ ಮೆಕ್ಯಾನಿಕ್ ನೆಲಕ್ಕೆ ಮುಖ ಹಾಕಿ ಮಲಗಿಬಿಟ್ಟ. ಲೆಲಂಡ್ ಕದಲಲಿಲ್ಲ. ಕೈಯಲ್ಲಿದ್ದ ಪೈಪಿನಿಂದ ನೀರು ಹರಿಯುತ್ತಲೇ ಇತ್ತು.

"ಖಾಲಿ ಮಾಡಿದ್ದೆ," ಅಂದಳು ನಡೀನ್. "ಅದು ನಿಮಗೆ ಗೊತ್ತಿರಲಿಲ್ಲ. ಆದ್ರೂ ನೀವು ಹಿಂದೆ ಸರೀಲಿಲ್ಲ, ಲೆಲಂಡ್. ಇಂಥದ್ದೇ ಪಿಸ್ತೂಲು ನಿಮ್ಮ ಮಗಳ ಕಾಲು ತಿಂದಿದೆ. ಈಗಷ್ಟೇ ವೆಂಡೆಲ್‌ನನ್ನೂ ಅದೇ ತಿಂತು ಅಂದ್ರಿ. ಆದ್ರೂ ಸರೀಲಿಲ್ಲ."

ನಡೀನ್ ಬಗ್ಗಿ ಪಿಸ್ತೂಲನ್ನು ಎತ್ತಿಕೊಂಡಳು.

"ಹೊಸದು ಬಿದ್ರೆ ಸಿಡಿಯಲ್ಲ ಅಂತ ನಿಮಗೆ ಖಾತ್ರಿ ಇತ್ತು. ಯಾಕಂದ್ರೆ ವೆಂಡೆಲ್ ನಿಮ್ಮ ಕಣ್ಣೆದುರೇ ಮೂರು ಸಲ ಬೀಳಿಸಿ ತೋರಿಸಿದ್ರು, ತೋಟಾ ತುಂಬಿ. ನೆಲದಲ್ಲಿ ಗುರುತಿದೆ. ನೀವು ತಗ್ಗಿನ ಸ್ಟೂಲಿನ ಮೇಲೆ ಕೂತಿದ್ರಿ, ಅವರು ನಿಂತಿದ್ರು. ಅದಕ್ಕೇ ಗುಂಡು ಮೇಲಕ್ಕೆ ಹೋಯ್ತು. ಕೋಶ ಹಾರಿ ಬೀರುವಿಗೆ ಬಡೀತು, ಬಾಯಿ ನೆಗ್ಗಿತು. ನೀವು ಅದನ್ನ ಹುಡುಕಿ ನಳಿಗೆಗೆ ಹಾಕಿದ್ರಿ. ಟೆಸ್ಸಾಳ ಪಿಸ್ತೂಲು ಹಾಗೇ ಸಿಕ್ಕಿತ್ತಲ್ಲ. ಆ ಫೋಟೊ ನಿಮಗೆ ಬಾಯಿಪಾಠ."

ಲೆಲಂಡ್ ಬಗ್ಗಿ ನಲ್ಲಿ ತಿರುಗಿಸಿದ. ನೀರು ನಿಂತಿತು.

"ಕೊಲ್ಲೋಕೆ ಹೋಗಿರಲಿಲ್ಲ," ಅಂದ. "ಮತ್ತೆ ಅದೇ ಪಿಸ್ತೂಲನ್ನ ಹೊಗಳಿ ಬರೀತಾನೆ ಅಂತ ಕೇಳಿದ್ದೆ. ಬೇಡ ಅನ್ನೋಕೆ ಹೋದೆ. ಅವನು ನಕ್ಕ. ತೋಟಾ ತುಂಬಿ ನೆಲಕ್ಕೆ ಹಾಕಿದ. ಒಂದು ಸಲ, ಎರಡು ಸಲ, ಮೂರು ಸಲ. ಎತ್ತಿ ನನ್ನ ಕೈಗೇ ಕೊಟ್ಟ. 'ನೋಡು ಲೆಲಂಡ್, ಸರಿ ಮಾಡಿದಾರೆ,' ಅಂದ."

"ಆಮೇಲೆ?"

"'ಸರಿ ಮಾಡಿದಾರೆ ಅಂದ್ರೆ ಮೊದಲು ಸರಿ ಇರಲಿಲ್ವಾ?' ಅಂತ ಕೇಳಿದೆ. ಮುಖ ತಿರುಗಿಸಿದ. ಆಮೇಲೆ, 'ಅದು ಮುಗಿದ ಕಥೆ ಬಿಡು,' ಅಂದ." ಲೆಲಂಡ್ ತನ್ನ ಒದ್ದೆ ಕೈಗಳನ್ನು ನೋಡಿಕೊಂಡ. "ಮುಗಿದ ಕಥೆ ಅಂತೆ. ಅವಳು ಮೆಟ್ಟಿಲು ಹತ್ತೋದನ್ನ ಅವನು ಒಂದು ಸಲ ನೋಡಬೇಕಿತ್ತು."

"ನೋಟುಪುಸ್ತಕ?"

ಅವನು ಬಸ್ಸು ಹತ್ತಿದ. ನಡೀನ್ ಹಿಂದೆಯೇ ಹತ್ತಿದಳು. ಚಾಲಕನ ಸೀಟಿನ ಕೆಳಗಿನಿಂದ ನೀಲಿ ಪುಸ್ತಕ ತೆಗೆದು ಕೊಟ್ಟ.

"ಒಂಬತ್ತನೇ ಪುಟ," ಅಂದ. "ನಾಲ್ಕು ದಿನದಿಂದ ಓದ್ತಿದೀನಿ. ಅವಳದೇನೂ ತಪ್ಪಿಲ್ಲ ಅಂತ ಊರಿಗೆಲ್ಲ ಓದಿ ಹೇಳಬೇಕು. ಆದ್ರೆ ಯಾರಿಗೂ ತೋರಿಸೋ ಹಾಗಿಲ್ಲ. ಎಲ್ಲಿ ಸಿಕ್ತು ಅಂತ ಕೇಳ್ತಾರಲ್ಲ."

ನಡೀನ್ ಅಲ್ಲೇ ತೆರೆದು ಓದಿದಳು. ಸಾಕ್ಷಿ ಹೇಳುವುದಕ್ಕೆ ಆರು ವಾರ ಮುಂಚೆ ವೆಂಡೆಲ್ ತನ್ನ ಕೈಯಲ್ಲೇ ಬರೆದಿದ್ದ.

"ಇದನ್ನ ಕಳೀಬೇಡ ನಡೀನ್. ನೀವೆಲ್ಲ ನನ್ನನ್ನ ಏನಾದ್ರೂ ಮಾಡಿ. ಇದನ್ನ ಮಾತ್ರ ಕಳೀಬೇಡಿ."

* * *

ಹಾಯ್ಟ್ ನಡೀನ್ ಬರೆದ ವರದಿಯನ್ನು ಎರಡು ಸಲ ಓದಿದ.

"ಒಟ್ಟಿನಲ್ಲಿ ಪಿಸ್ತೂಲು ಒಳ್ಳೇದು."

"ಹೊಸದು ಒಳ್ಳೇದು. ನಾನು ಧರಿಸ್ತೀನಿ. ಹಳೇದು ಕೆಟ್ಟದಿತ್ತು, ಕಂಪನಿಯ ಸಾಕ್ಷಿಗೆ ಅದು ಗೊತ್ತಿತ್ತು. ಅದೂ ಅದರಲ್ಲೇ ಇದೆ, ನಾಲ್ಕನೇ ಪುಟ."

"ಕೊಲೆ ಕೇಸಿಗೆ ಆ ಪುಟ ಬೇಕಾ?"

"ಕೊಲೆ ಯಾಕಾಯ್ತು ಅಂತ ಕೇಳ್ತಾರಲ್ಲ ಸರ್. ಕಾರಣ ಅದೇ."

ಹಾಯ್ಟ್ ಪೆನ್ನು ತೆಗೆದು ಸಹಿ ಹಾಕಿದ.

ಪಶುವೈದ್ಯರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಟೆಸ್ಸಾ ಒಂದು ಮುದಿ ನಾಯಿಯ ಉಗುರು ಕತ್ತರಿಸುತ್ತಿದ್ದಳು. ನಡೀನ್ ನೀಲಿ ಪುಸ್ತಕದ ಒಂಬತ್ತನೇ ಪುಟದ ನಕಲನ್ನು ಮೇಜಿನ ಮೇಲಿಟ್ಟಳು. ಟೆಸ್ಸಾ ನಾಯಿಯ ಕಾಲು ಬಿಡದೆ ಬಗ್ಗಿ ಓದಿದಳು.

'ಫಿಂಚ್. ಇಪ್ಪತ್ತು ಸಲ ಬೀಳಿಸಿದೆ. ನಾಲ್ಕು ಸಲ ಸಿಡಿಯಿತು. ಬೆರಳು ಹತ್ತಿರವೂ ಇರಲಿಲ್ಲ.'

"ಅಪ್ಪ ಇದನ್ನ ಓದಿದ್ರಾ?"

"ಓದಿದಾರೆ."

ಟೆಸ್ಸಾ ಇನ್ನೊಂದು ಸಲ ಓದಿದಳು.

"ಆಸ್ಪತ್ರೇಲಿ ನಂಗೆ ಎಚ್ಚರ ಆದಾಗ ಅಪ್ಪ ಒಂದೇ ಒಂದು ಸಲ ಕೇಳಿದ್ರು. 'ಬೆರಳು ತಾಗಿತ್ತಾ, ಪುಟ್ಟಿ?' ಅಂತ. ನಾನು ಇಲ್ಲ ಅಂದೆ. ಆಮೇಲೆ ಅವರು ಯಾವತ್ತೂ ಕೇಳಲಿಲ್ಲ. ಆದ್ರೆ ಹಾಗೆ ಅನುಮಾನಪಟ್ಟು ಕೇಳಿದ್ದನ್ನ ಅವರು ಮರೀಲಿಲ್ಲ. ನಾನು ಮರೆತುಬಿಟ್ಟಿದ್ದೆ."

ನಾಯಿ ಕಾಲು ಎಳೆದುಕೊಂಡಿತು. ಅವಳು ಅದರ ಬೆನ್ನು ಸವರಿದಳು.

"ಅವರನ್ನ ಯಾವಾಗ ನೋಡಬಹುದು?"

"ಶನಿವಾರ, ಜೈಲಿನಲ್ಲಿ. ಹತ್ತರಿಂದ ಹನ್ನೊಂದರವರೆಗೆ."

ಟೆಸ್ಸಾ ಕಿಸೆಯಿಂದ ಪೆನ್ನು ತೆಗೆದು ಅಂಗೈ ಮೇಲೆ ಹತ್ತು ಅಂತ ಬರೆದುಕೊಂಡಳು.