ಯೀಸ್ಟ್ ಬರೆದ ಜಾತಕ

ತಟ್ಟೆಯಲ್ಲಿದ್ದ ಯೀಸ್ಟ್ ಸತ್ತಿತು. ಬ್ರೆಡ್ ಉಬ್ಬಿಸುವ ಆ ಯಃಕಶ್ಚಿತ್ ಜೀವಿ ಸತ್ತರೆ ಯಂತ್ರದಲ್ಲಿ ಕೆಂಪು ದೀಪ ಹತ್ತುತ್ತದೆ, ಅಷ್ಟೆ. ಆದರೆ ಬೀಗರಾಗಬೇಕಿದ್ದ ಪ್ರವೀಣ ಮರೇವಾಡರು ಸೂತಕ ತಗಲಿದವರ ಹಾಗೆ ಕುರ್ಚಿ ಬಿಟ್ಟೆದ್ದರು.

“ಮುಗೀತ್ರಿ. ನಮ್ಮ ಹುಡುಗಗ ಈ ಹುಡುಗಿ ಬ್ಯಾಡ.”

ಹುಡುಗಿ ನೇಸರಾ ತಲೆ ತಗ್ಗಿಸಿದಳು. ಹುಡುಗನನ್ನು ಮನಸಾರೆ ಮೆಚ್ಚಿದ್ದಳು ಪಾಪ. ಅವಳು ಕರೆದಳೆಂದು ವಧು-ವರರ ಕೇಂದ್ರಕ್ಕೆ ಬಂದಿದ್ದ ಅವಳ ಗುರು, ಡಾ. ಸಿಂಚನಾ ಬೆಳವಟಗಿಯವರಿಗೆ ಮೈಯೆಲ್ಲ ಉರಿಯಿತು. ಈ ಯಂತ್ರವನ್ನು ಅವರು ಕಟ್ಟಿದ್ದು ಕ್ಯಾನ್ಸರಿಗೆ ಮದ್ದು ಹುಡುಕಲು. ೨೦೬೨ರ ಧಾರವಾಡದ ಮಂದಿ ಅದನ್ನು ಗಂಡು-ಹೆಣ್ಣಿನ ಜೋಡಿ ಕೂಡುತ್ತದೋ ಇಲ್ಲವೋ ನೋಡುವ ಪಂಚಾಂಗ ಮಾಡಿಕೊಂಡಿದ್ದರು!

“ಕೂಡ್ರಿ, ಕೇಳ್ರಿ,” ಎಂದರು ಸಿಂಚನಾ. “ಜೀವಕೋಶ ಎರಡಾಗೋ ಮುಂದ ವರ್ಣತಂತುಗಳನ್ನ ಸಮನಾಗಿ ಪಾಲು ಮಾಡಬೇಕು. ಪಾಲು ಮಾಡೋ ಜೀನ್‌ಗಳೊಳಗ ಒಂದು ಕುಂಟಿದರ ಇನ್ನೊಂದು ಹೆಗಲು ಕೊಡತದ. ಎರಡೂ ಕುಂಟಿದರ ಕೋಶ ಸಾಯತದ. ಇವಳದೊಂದು ಕುಂಟು ಜೀನು, ನಿಮ್ಮ ಮಗಂದೊಂದು, ಎರಡನ್ನೂ ಒಂದೇ ಯೀಸ್ಟಿಗೆ ತುರುಕ್ಯಾರ. ಈ ಯೀಸ್ಟಿನಾಗ ಪ್ರತಿ ಜೀನೂ ಒಂದೊಂದೇ. ಹುಟ್ಟೋ ಕೂಸಿಗೆ ಎರಡೆರಡು, ಅಪ್ಪಂದೊಂದು, ಅವ್ವಂದೊಂದು. ಕುಂಟಿದ್ದರ ಜೋಡಿ ಗಟ್ಟೀದೂ ಇರತದ!”

“ಹಂಗಾರ ಯಂತ್ರ ಸುಳ್ಳು ಹೇಳತದೇನ್ರಿ?”

“ಯೀಸ್ಟಿನ ಬಗ್ಗೆ ಖರೇನ ಹೇಳತದ. ನಿಮ್ಮ ಸೊಸಿ ಯೀಸ್ಟ್ ಅಲ್ಲ! ನೀವೂ ನಿಮ್ಮ ಮನಿಯವರೂ ಉಗುಳು ಕೊಡ್ರಿ, ನೋಡೇ ಬಿಡೋಣು.”

ಪ್ರವೀಣರು ಮೀಸೆ ತಿರುವಿ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಅಶ್ವಿನಿಯೂ ಕೊಟ್ಟರು. ಅರ್ಧ ಗಂಟೆಯಲ್ಲಿ ಕೆಂಪು ದೀಪ ಹತ್ತಿತು.

“ನೋಡ್ರಿ!” ಸಿಂಚನಾ ಮೇಜು ಕುಟ್ಟಿದರು. “ಯಂತ್ರದ ಲೆಕ್ಕದಾಗ ನಿಮ್ಮದೂ ಕೂಡಂಗಿಲ್ಲ. ಮೂವತ್ತಾರು ವರ್ಷದ ಸಂಸಾರ, ಗುಂಡುಕಲ್ಲಿನಂಥ ಇಬ್ಬರು ಗಂಡುಮಕ್ಕಳು! ಈಗೇನಂತೀರಿ?”

ಈ ಮನುಷ್ಯ ಸೋತ ಎಂದೇ ಸಿಂಚನಾ ತಿಳಿದರು. ಪ್ರವೀಣರು ತಟ್ಟೆಯನ್ನು ನೋಡಿದರು, ಆಮೇಲೆ ಹೆಂಡತಿಯನ್ನು.

“ಅದಕ್ಕನ ನನ್ನ ಬಾಳೇವು ಹಿಂಗಾತು. ೨೦೨೬ರಾಗ ಈ ಯಂತ್ರ ಇದ್ದಿದ್ದರ ನಿನ್ನ ಯಾಕ ಕಟಗೊಳ್ತಿದ್ದೆ? ಬರೇ ಜಾತಕ ನಂಬಿ ಕೆಟ್ಟೆ.”

ಸಿಂಚನಾ ಯಂತ್ರದ ಕೆಂಪು ದೀಪ ಆರಿಸಿದರು. ಹೆಂಡತಿಯನ್ನು ಬಡಿಯಲು ಅವರ ಕೈಗೆ ಹೊಸ ಕೋಲು ಕೊಟ್ಟವರು ತಾವೇ.

ನೇಸರಾ ಚೀಲ ಎತ್ತಿಕೊಂಡಳು. “ನಡೀರಿ ಮೇಡಂ. ನನಗ ಈ ಮನಿ ಬ್ಯಾಡ.”

ಬಾಗಿಲ ತನಕ ಬಂದ ಅಶ್ವಿನಿ ಅವಳ ಕೈ ಹಿಡಿದರು.

“ಬಚಾವಾದಿ, ಮಗಳ. ೨೦೨೬ರಾಗ ನನಗ ಬ್ಯಾಡ ಅನ್ನಾಕ ಯಾರೂ ಬಿಡಲಿಲ್ಲ.”