ಬಣ್ಣ ಹಿಡಿಯದ ಕಿರುಬೆರಳು

ಮೂವತ್ತು ವರ್ಷ ಮದರಂಗಿ ಹಾಕಿ ಪಳಗಿದ ಕೈ ನನ್ನದು. ಆದರೂ ಆ ಮದುಮಗಳ ಕಿರುಬೆರಳು ನನ್ನನ್ನು ಸತಾಯಿಸಿಬಿಟ್ಟಿತು. ಉಳಿದ ಬೆರಳುಗಳ ಮದರಂಗಿಯೆಲ್ಲ ಒಣಗಿತು; ಅದೊಂದು ಮಾತ್ರ ಕಲ್ಲಿನಂತೆ ತಣ್ಣಗಿತ್ತು, ಹಾಕಿದ್ದೆಲ್ಲ ಹಸಿಯಾಗಿಯೇ ಜಾರುತ್ತಿತ್ತು. ಮೂರು ಸಲ ಹಾಕಿ ಒರೆಸಿದೆ.

"ನಾಳೆ ಮದುವೆ. ಕಣ್ಣು ಕಾಣೋರನ್ನ ಕರೀಬೇಕಿತ್ತು," ಎಂದು ಅವಳ ಸೋದರತ್ತೆ ಗೊಣಗಿದರು.

"ಸುಮ್ನಿರಿ ಅತ್ತೆ, ಪಾಪ ಈ ಅಜ್ಜಿ ಇನ್ನೂ ಊಟಾನೇ ಮಾಡಿಲ್ಲ," ಎಂದ ಹುಡುಗಿ ಮೊಣಕೈಯಿಂದಲೇ ದಿಂಬನ್ನು ನನ್ನ ಬೆನ್ನಿನತ್ತ ತಳ್ಳಿದಳು.

ನಾಲ್ಕನೆಯ ಸಲ ಉಗುರಿಗೆ ತಾಗದಂತೆ ಹಾಕಿ, ಬಟ್ಟೆ ಸುತ್ತಿದೆ.

ಬೆಳಿಗ್ಗೆ ನಾನೇ ಬಿಚ್ಚಿದೆ. ಚರ್ಮಕ್ಕೆ ಬಣ್ಣವೇ ಹತ್ತಿರಲಿಲ್ಲ. ನಿನ್ನೆ ಏನೂ ಇರದಿದ್ದ ಉಗುರಿನ ತುದಿಯರ್ಧ ಮಾತ್ರ ಕಡುಗೆಂಪಾಗಿತ್ತು. ಬುಡದಿಂದ ಅರ್ಧದವರೆಗೆ ಬಣ್ಣವಿಲ್ಲದ ಹೊಸ ಉಗುರು ಬೆಳೆದು ಬಂದಿತ್ತು. ಮದರಂಗಿ ಹತ್ತಿದ ಉಗುರು ಅಷ್ಟು ಬೆಳೆಯಲು ಮೂರು ತಿಂಗಳು ಬೇಕು; ನಾನು ಹಾಕಿ ಒಂದು ರಾತ್ರಿಯಷ್ಟೇ ಆಗಿತ್ತು.